ಪರದೆಯೊಳಗಿನ ಇಪ್ಪತ್ತೈದು ದಿನ

ಕೋಲಾರ ತಾಲ್ಲೂಕಿನ ಸುಗಟೂರು ಹೋಬಳಿಯಲ್ಲಿ ಮನೆಯ ಹಿತ್ತಲಿಗೆಂದು ಟೊಮೆಟೊ ಸಸಿಯನ್ನು ಬೀಜದಿಂದ ಬೆಳೆಸಿಕೊಳ್ಳಲು ಹೊರಟವರನ್ನು ಊರವರು ವಿನೋದದಿಂದ ನೋಡಿದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಕಣ್ಣು ಹಾಯ್ದಷ್ಟು ದೂರವೂ ನೀಲಗಿರಿ ಕಡ್ಡಿಗಳನ್ನು ಸಾಲಾಗಿ ನೆಟ್ಟು, ಕಡ್ಡಿಯಿಂದ ಕಡ್ಡಿಗೆ ದಾರವೆಳೆದು, ಆ ದಾರಕ್ಕೆ ಟೊಮೆಟೊ ಗಿಡಗಳನ್ನು ಎತ್ತಿ ಕಟ್ಟಿರುವ ಸೀಮೆ ಇದು. ಹಸುರು ನೆರಳುಪರದೆಯ ನರ್ಸರಿಗಳಲ್ಲಿ ಲಕ್ಷಗಟ್ಟಲೆ ಸಸಿಗಳು ಕಪ್ಪು ಟ್ರೇಗಳಲ್ಲಿ ಎದ್ದು ನಿಂತು ಹೊಲ ಸೇರುವ ಮುಹೂರ್ತವನ್ನು ಕಾಯುತ್ತಿರುವ ಸೀಮೆಯೂ ಇದೇ. ಹತ್ತು ಸಸಿ ಬೇಕಾದವರು ಅಂತಹ ನರ್ಸರಿಯೊಂದರ ಬಾಗಿಲಲ್ಲಿ ನಿಂತರೆ ಸಾಕು, ಮಾಲೀಕನು ಹಣವನ್ನೂ ಕೇಳದೆ ಟ್ರೇಯ ಮೂಲೆಯಿಂದ ಕಿತ್ತುಕೊಟ್ಟು ಕಳುಹಿಸಿಯಾನು. ಹೀಗಿದ್ದೂ ಬೇರೆ ಕಡೆಗಳಿಗಿಂತ ಹೆಚ್ಚಾಗಿ ಈ ಊರಿನಲ್ಲಿಯೇ ಹಿತ್ತಲಿನವರು ತಮ್ಮ ಸಸಿಯನ್ನು ತಾವೇ ಬೆಳೆಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಮೇಲುನೋಟಕ್ಕೆ ತೋರುವಂಥದ್ದಲ್ಲ: ಟೊಮೆಟೊ ಸಮೃದ್ಧವಾಗಿ ಬೆಳೆಯುವ ನೆಲವೇ ಎಳೆಯ ಟೊಮೆಟೊ ಸಸಿಗೆ ಎಲ್ಲಕ್ಕಿಂತ ಅಪಾಯದ ನೆಲ.

ಸುಗಟೂರು ಎಂದೊಡನೆ ಚರಿತ್ರೆಯನ್ನು ಓದಿದವರಿಗೆ ನೆನಪಾಗುವುದು ಹೊಸಕೋಟೆಯ ಕೋಟೆಯನ್ನೂ ಕೆರೆಯನ್ನೂ ಕಟ್ಟಿಸಿದನೆಂದು ಹೆಸರಾದ ತಮ್ಮೇಗೌಡನ ವಂಶ. ಆ ಪಾಳೆಯಗಾರರ ಊಟದೆಲೆಯಲ್ಲಿ ರಾಗಿಯ ಮುದ್ದೆಯಿದ್ದೀತು, ಅವರೆಕಾಳಿನ ಸಾರಿದ್ದೀತು, ಸಾರಿಗೆ ಹುಣಿಸೆಯ ಹುಳಿಯಿದ್ದೀತು. ಟೊಮೆಟೊ ಮಾತ್ರ ಇರಲಾರದು. ಆಂಡೀಸ್ ಪರ್ವತಗಳ ತಪ್ಪಲಿನಲ್ಲಿ ಕಾಡುಗಿಡವಾಗಿದ್ದು, ಮೆಕ್ಸಿಕೊ ದೇಶದ ಒಕ್ಕಲಿಗರ ಕೈಯಲ್ಲಿ ಪಳಗಿ, ಸ್ಪೇನಿನವರ ಹಡಗನ್ನೇರಿ ಯೂರೋಪನ್ನು ಸೇರಿ, ಪೋರ್ಚುಗೀಸರ ಮುಖಾಂತರ ಭಾರತದ ಕರಾವಳಿಗೆ ಬಂದಿಳಿದ ಈ ಸಸ್ಯವನ್ನು ನಮ್ಮವರು ಬಹುಕಾಲ ಪರಕೀಯವೆಂದೇ ಬಗೆದಿದ್ದರೆಂಬುದಕ್ಕೆ ಸಾಕ್ಷ್ಯವನ್ನು ದೂರ ಹುಡುಕಬೇಕಾಗಿಲ್ಲ. ಶ್ರಾದ್ಧದ ಅಡಿಗೆಯಲ್ಲಿ ಆಲೂಗೆಡ್ಡೆ, ಮೆಣಸಿನಕಾಯಿಗಳೊಡನೆ ಟೊಮೆಟೊ ಹಣ್ಣನ್ನೂ ಇಂದಿಗೂ ಹೊರಗಿಟ್ಟಿರುವ ಮನೆಗಳು ಯಥೇಷ್ಟವಾಗಿವೆ. ಪಿತೃಗಳಿಗೆ ಗೊತ್ತಿಲ್ಲದ ರುಚಿಯನ್ನು ಅವರ ಎಲೆಗೆ ಬಡಿಸುವುದು ಹೇಗೆ?

ಅಂತಹ ಅತಿಥಿಯು ಈ ಜಿಲ್ಲೆಯ ಜೀವನಾಧಾರವಾದದ್ದು ಕೆಲವೇ ದಶಕಗಳ ಮಾತು. 1965ರಲ್ಲಿ ಮನಮೋಹನ ಅತ್ತಾವರರು ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯನ್ನು ತೆರೆದರು. 1973ರಲ್ಲಿ ಆ ಸಂಸ್ಥೆಯಿಂದ ‘ಕರ್ನಾಟಕ’ ಎಂಬ ಹೆಸರಿನ ಸಂಕರ ಟೊಮೆಟೊ ತಳಿ ಹೊರಬಂತು. ಅದರ ಹಿಂದೆ ಮತ್ತೊಂದು, ಮತ್ತೊಂದರ ಹಿಂದೆ ಹತ್ತಾರು ತಳಿಗಳು ಬಂದು, ಕೊಳವೆಬಾವಿಯೂ ಹನಿ ನೀರಾವರಿಯೂ ಅವುಗಳೊಡನೆ ಸೇರಿ, ಜೀವನದಿಯೊಂದೂ ಇಲ್ಲದ ಈ ಕೆರೆಗಳ ಜಿಲ್ಲೆಯನ್ನು ಟೊಮೆಟೊ ಜಿಲ್ಲೆಯನ್ನಾಗಿ ಮಾಡಿದುವು. ನೀರು 1,000 ಅಡಿಗೂ ಕೆಳಕ್ಕೆ ಇಳಿದ ಮೇಲೂ ರೈತನು ಈ ಬೆಳೆಯನ್ನು ಬಿಡಲಿಲ್ಲ. 2018ರಿಂದೀಚೆಗೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದ ಮೇಲಂತೂ ಬಿಡುವ ಮಾತೇ ಇಲ್ಲ.

ಈ ಚರಿತ್ರೆಯಲ್ಲಿ ಹಿತ್ತಲಿನವರಿಗೆ ಸಂಬಂಧಿಸಿದ ಅಂಶವೊಂದುಂಟು. ನರ್ಸರಿಗಳಲ್ಲಿ ಇಂದು ದೊರೆಯುವ ಸಸಿಗಳು ಬಹುಮಟ್ಟಿಗೆ ಎಲ್ಲವೂ ಸಂಕರ ತಳಿಗಳು. ಅವುಗಳ ಹಣ್ಣು ಕೋಲಾರದ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ 15 ಕಿಲೋ ಹಿಡಿಯುವ ಬಾಕ್ಸಿನಲ್ಲಿ ಹರಾಜಾಗಿ, ಲಾರಿಯೇರಿ, ದೆಹಲಿ ಕೊಲ್ಕತ್ತಗಳವರೆಗೆ ದಿನಗಟ್ಟಲೆ ಪಯಣಿಸಿ, ಅಲ್ಲಿನ ಅಂಗಡಿಯಲ್ಲಿ ಮತ್ತೆರಡು ದಿನ ಕುಳಿತೂ ಬಿರಿಯದೆ ಉಳಿಯತಕ್ಕದ್ದು. ಆದಕಾರಣ ಗಟ್ಟಿಯಾದ ಸಿಪ್ಪೆಯೂ ದಪ್ಪನಾದ ತಿರುಳೂ ಇರುವ ತಳಿಗಳನ್ನೇ ಬೀಜದವರು ಆಯ್ದರು, ಹುಳಿಯನ್ನು ಅಷ್ಟಾಗಿ ಗಮನಿಸಲಿಲ್ಲ. ಚಪ್ಪಟೆಯಾಗಿ, ಮೈಮೇಲೆ ಗೆರೆಗೆರೆಯಾಗಿ, ತೆಳ್ಳನೆಯ ಸಿಪ್ಪೆಯೊಳಗೆ ರಸ ತುಂಬಿಕೊಂಡಿರುವ ನಾಟಿ ಹಣ್ಣು ಲಾರಿಯಲ್ಲಿ ಒಂದು ರಾತ್ರಿಯನ್ನೂ ಕಳೆಯಲಾರದು. ಆದರೆ ಸಾರಿಗೂ ಗೊಜ್ಜಿಗೂ ಅದರ ಸಮಕ್ಕೆ ಬೇರೊಂದಿಲ್ಲವೆಂಬುದು ಮುದ್ದೆಯುಣ್ಣುವ ಎಲ್ಲರೂ ಬಲ್ಲ ಸಂಗತಿ. ಹಿತ್ತಲಿನಿಂದ ಒಲೆಗೆ ಹಣ್ಣು ಪಯಣಿಸಬೇಕಾದ ದೂರ ಇಪ್ಪತ್ತು ಹೆಜ್ಜೆ. ಅಷ್ಟು ದೂರಕ್ಕೆ ಲಾರಿಯ ಹಣ್ಣೇಕೆ?

“ಮನೆ ಮಟ್ಟಕ್ಕೆ ನಾಟಿ ಟಮಾಟ ನಾರು ಐತಾ ಅಣ್ಣಾ?” ಎಂದು ಹೆಂಗಸೊಬ್ಬಳು ನರ್ಸರಿಯಲ್ಲಿ ಕೇಳಿದರೆ, “ನಾಟಿ ಯಾರ್ ಹಾಕ್ತಾರಕ್ಕಾ ಈಗ? ಬೀಜ ನೀವೇ ತಂದ್ಕೊಟ್ರೆ ಬೆಳಸ್ಕೊಡ್ತೀವಿ” ಎಂಬ ಉತ್ತರ ಬರುವುದೇ ಸಾಮಾನ್ಯ. ಬೀಜವನ್ನು ತಾವೇ ಹುಡುಕಿ ತರಬೇಕೆಂದಾದ ಮೇಲೆ, ಅದನ್ನು ಮೊಳೆಯಿಸುವ ಕೆಲಸವನ್ನೂ ಮನೆಯ ಜಗಲಿಯಲ್ಲೇ ಮಾಡಿಕೊಳ್ಳಬಹುದು.

ಬೀಜದ ವಿಚಾರದಲ್ಲಿ ಒಂದು ವಿವೇಚನೆ ಅವಶ್ಯ. ಸಂಕರ ತಳಿಯ ಹಣ್ಣಿನಿಂದ ತೆಗೆದಿಟ್ಟ ಬೀಜವು ತಾಯಿಯ ಗುಣವನ್ನು ಹಾಗೆಯೇ ತರುವುದಿಲ್ಲ. ಮುಂದಿನ ತಲೆಮಾರಿನಲ್ಲಿ ಗುಣಗಳು ಒಡೆದು ಹಂಚಿಹೋಗಿ, ಒಂದೇ ಹಣ್ಣಿನ ಬೀಜಗಳಿಂದ ಹತ್ತು ಬಗೆಯ ಗಿಡಗಳು ಹುಟ್ಟುವುವು. ಅಂಗಡಿಯಲ್ಲಿ ಮಾರುವ ಸಂಕರ ಬೀಜದ ಬೆಲೆ ದುಬಾರಿಯೆಂದು ಗೊಣಗುವವರು ರಾಣೆಬೆನ್ನೂರಿನ ಕಡೆಯ ಬೀಜದ ಹೊಲಗಳನ್ನು ನೆನೆಯಬೇಕು: ಅಲ್ಲಿ ಹೆಂಗಸರು ಅರಳುವ ಮುಂಚಿನ ಒಂದೊಂದು ಮೊಗ್ಗನ್ನೂ ಚಿಮಟಿಗೆಯಿಂದ ಬಿಡಿಸಿ, ಅದರ ಕೇಸರಗಳನ್ನು ಕಿತ್ತು, ಬೇರೆ ಗಿಡದ ಪರಾಗವನ್ನು ಕೈಯಿಂದಲೇ ಮುಟ್ಟಿಸಿ ಈ ಬೀಜವನ್ನು ಪಡೆಯುತ್ತಾರೆ. ಹಿತ್ತಲಿಗೆ ಅಷ್ಟು ವೆಚ್ಚದ ಬೀಜ ಬೇಕಾಗಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹೊರತಂದ ನಂದಿ, ಸಂಕ್ರಾಂತಿ, ವೈಭವ ಎಂಬ ಮೂರು ತಳಿಗಳು ಎಲೆ ಮುದುಡು ರೋಗವನ್ನು ತಾಳಬಲ್ಲವು, ಮತ್ತು ಸಂಕರಗಳಲ್ಲದ ಕಾರಣ ಅವುಗಳ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ಸಹ ಬೀಜ ಉಳಿಸಿಕೊಳ್ಳಬಹುದಾದ ತಳಿಯೇ. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಮೂರು ರೋಗಗಳನ್ನು ತಡೆಯಬಲ್ಲದೆಂದು ಪ್ರಸಿದ್ಧವಾಗಿದೆಯಾದರೂ ಅದು ಸಂಕರ. ಪ್ರತಿಸಲವೂ ಹೊಸ ಬೀಜವನ್ನೇ ಕೊಳ್ಳಬೇಕು. ಕೋಲಾರದ ಪಕ್ಕದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ತೋಟಗಾರಿಕಾ ಮಹಾವಿದ್ಯಾಲಯವೂ ಇವೆಯಾಗಿ, ಯಾವ ಬೀಜ ಎಲ್ಲಿ ಸಿಗುವುದೆಂದು ವಿಚಾರಿಸಲು ಸುಗಟೂರಿನವರಿಗೆ ದೂರ ಹೋಗಬೇಕಾದ ಪ್ರಮೇಯವಿಲ್ಲ.

ನೆರೆಮನೆಯ ಗಿಡದ ನಾಟಿ ಹಣ್ಣೇ ಸಿಕ್ಕಿತೆಂದರೆ ಅದರಿಂದ ಬೀಜ ತೆಗೆಯುವ ಕ್ರಮವನ್ನು ಅರಿತಿರಬೇಕು. ಹಣ್ಣಿನೊಳಗೆ ಒಂದೊಂದು ಬೀಜದ ಸುತ್ತಲೂ ತಿಳಿಯಾದ ಲೋಳೆಯ ಪೊರೆಯಿರುತ್ತದೆ. ಹಣ್ಣಿನ ಒಡಲಲ್ಲಿರುವಾಗಲೇ ಬೀಜ ಮೊಳೆತುಬಿಡದಂತೆ ತಡೆಯುವ ಕಾವಲು ಅದು. ತೀರ ಮಾಗಿದ ಹಣ್ಣನ್ನು ಹಿಂಡಿ, ಆ ರಸವನ್ನು ಬೀಜದೊಡನೆ ಒಂದು ಲೋಟದಲ್ಲಿ ಎರಡು ದಿನ ಹುಳಿಯಲು ಬಿಟ್ಟರೆ ಮೇಲೆ ಬಿಳಿಯ ಕೆನೆ ಕಟ್ಟಿ, ಲೋಳೆ ಕರಗಿಹೋಗುತ್ತದೆ. ಆಮೇಲೆ ನೀರು ಬೆರೆಸಿ ಕದಡಿದರೆ ಜೊಳ್ಳು ತೇಲುವುದು, ಗಟ್ಟಿ ಬೀಜ ತಳಕ್ಕಿಳಿಯುವುದು. ಆ ಬೀಜವನ್ನು ಚೆನ್ನಾಗಿ ತೊಳೆದು ತಟ್ಟೆಯ ಮೇಲೆ ನೆರಳಿನಲ್ಲಿ ಒಣಗಿಸತಕ್ಕದ್ದು. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಬಿಡಿಸಲಾಗದು. ಒಣಗಿದ ಬೀಜವನ್ನು ಅಂಗೈ ಮೇಲಿಟ್ಟು ನೋಡಿದರೆ ಅದು ನುಣುಪಾಗಿರುವುದಿಲ್ಲ. ಮಂಕು ಹಳದಿಯ ಬಣ್ಣ, ಚಪ್ಪಟೆಯಾದ ಆಕಾರ, ಮೈತುಂಬ ರೇಷ್ಮೆಯ ನವುರಾದ ರೋಮ. ಒಂದು ಗ್ರಾಂ ತೂಕಕ್ಕೆ ಸುಮಾರು 300 ಬೀಜಗಳು ಬರುವುವು. ಹನ್ನೆರಡು ಗಿಡಗಳಿಗೆ ಇಪ್ಪತ್ತು ಬೀಜ ಬಿತ್ತಿದರೆ ಧಾರಾಳವಾಯಿತು.

ಇನ್ನು ಕಾಲದ ಮಾತು. ಟೊಮೆಟೊ ಸಸಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ತೋಟಗಾರಿಕೆಯ ಪುಸ್ತಕಗಳನ್ನು ತೆರೆದರೆ, ಕೊನೆಯ ಹಿಮ ಬೀಳುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ ಮನೆಯೊಳಗೆ ದೀಪದ ಕೆಳಗೆ ಬಿತ್ತಿರೆಂದೂ, ಕುಂಡದ ಕೆಳಗೆ ಬಿಸಿಯ ಹಾಸನ್ನು ಇಡಿರೆಂದೂ ಉಪದೇಶ ಮಾಡಿರುತ್ತಾರೆ. ನಮಗೆ ಆ ಚಿಂತೆಯಿಲ್ಲ. ನಮ್ಮ ಚಿಂತೆ ಅದಕ್ಕೆ ತೀರ ವಿರುದ್ಧವಾದದ್ದು. ಮಣ್ಣಿನ ಉಷ್ಣ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಬೀಜ ಸುಮಾರು ಆರು ದಿನಗಳಲ್ಲಿ ಮೊಳೆಯುವುದು. 35 ಡಿಗ್ರಿಯಾದರೆ ಒಂಬತ್ತು ದಿನ ಬೇಕಾಗುವುದಲ್ಲದೆ ಅನೇಕ ಬೀಜಗಳು ಕೈಕೊಡುವುವು. 40 ಡಿಗ್ರಿಯಲ್ಲಿ ಮೊಳೆಯುವುದೇ ಇಲ್ಲ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಕಪ್ಪು ಟ್ರೇಯೊಂದನ್ನು ತಾರಸಿಯ ಮೇಲೆ ಬಯಲಿಗಿಟ್ಟರೆ ಮಧ್ಯಾಹ್ನಕ್ಕೆ ಅದರೊಳಗಿನ ಗೊಬ್ಬರ ಯಾವ ಮಟ್ಟಕ್ಕೆ ಕಾಯುವುದೆಂದು ಬೆರಳಿಟ್ಟು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಬೀಜ ಮೊಳೆಯುವುದು ಮೊದಲ ಪ್ರಶ್ನೆ ಮಾತ್ರ. ಟೊಮೆಟೊ ಗಿಡ ಹೂ ಬಿಡುವುದಕ್ಕೂ ಕಾಯಿ ಕಚ್ಚುವುದಕ್ಕೂ ನಡುವೆ ರಾತ್ರಿಯ ತಂಪು ನಿಂತಿದೆ. ಹಗಲು 35 ಡಿಗ್ರಿ ಮೀರಿ, ರಾತ್ರಿಯೂ ಬಿಸಿ ಇಳಿಯದಿದ್ದರೆ ಪರಾಗವು ಸತ್ತ್ವಗುಂದಿ, ಹೂವು ತೊಟ್ಟಿನ ಗಂಟಿನಲ್ಲಿ ಕಳಚಿ ಬೀಳುತ್ತದೆ. 15ರಿಂದ 20 ಡಿಗ್ರಿಯ ರಾತ್ರಿಗಳು ಅದಕ್ಕೆ ಅತ್ಯಂತ ಹಿತಕರ. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಕೋಲಾರದ ಬಯಲಿಗೆ ಈ ವಿಷಯದಲ್ಲಿ ನಿಸರ್ಗದ ಕೃಪೆಯುಂಟು. ಮಾರ್ಗಶಿರ ಪುಷ್ಯಗಳ ಇರುಳುಗಳು ಟೊಮೆಟೊಗೆಂದೇ ಮಾಡಿದಂತಿರುತ್ತವೆ. ಆದುದರಿಂದ ಹೂವು ಆ ತಿಂಗಳುಗಳಲ್ಲಿ ಬರುವಂತೆ ಬೀಜವನ್ನು ಹಿಂದಕ್ಕೆ ಎಣಿಸಿ ಬಿತ್ತುವುದು ಬುದ್ಧಿವಂತರ ಲಕ್ಷಣ. ಚಿತ್ತೆ ಮಳೆಯ ನಡುವೆ, ಎಂದರೆ ಅಕ್ಟೋಬರ್ ಮಧ್ಯಭಾಗದಲ್ಲಿ ಬಿತ್ತಿದರೆ, ಸ್ವಾತಿ ಮಳೆ ಮುಗಿಯುವ ವೇಳೆಗೆ ಸಸಿ ನೆಲಕ್ಕಿಳಿಯಲು ಸಿದ್ಧವಾಗುವುದು. ಡಿಸೆಂಬರಿನಲ್ಲಿ ಹೂವು, ಜನವರಿಯ ಕೊನೆಗೆ ಮೊದಲ ಹಣ್ಣು. ಮುಂಗಾರಿನ ಮೋಡ ಬಿಸಿಲನ್ನು ತಗ್ಗಿಸುವ ಜೂನ್ ತಿಂಗಳು ಎರಡನೆಯ ಬಿತ್ತನೆಗೆ ಒದಗುತ್ತದೆ.

ಹೊಲದವರು ಜನವರಿ ಫೆಬ್ರವರಿಗಳಲ್ಲೇ ನಾಟಿ ಮಾಡುತ್ತಾರಲ್ಲವೇ ಎಂದು ಕೇಳಬಹುದು. ಮಾಡುತ್ತಾರೆ, ಆದರೆ ಅವರು ನೋಡುವ ಪಂಚಾಂಗ ಗಿಡದ್ದಲ್ಲ, ಮಂಡಿಯದು. ಉತ್ತರ ದೇಶದಲ್ಲಿ ಬಿಸಿಲಿಗೂ ಮಳೆಗೂ ಬೆಳೆ ಸೋತು ಬೇಡಿಕೆ ಏರುವ ಸಮಯಕ್ಕೆ ತಮ್ಮ ಹಣ್ಣು ಬರಬೇಕೆಂಬುದು ಅವರ ಹಂಚಿಕೆ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿಗೂ ಮೇಲಕ್ಕೆ ಹರಾಜಾದದ್ದನ್ನು ಕಂಡವರು ಆ ಹಂಚಿಕೆಯನ್ನು ಹಳಿಯಲಾರರು. ಅದೇ ಬಾಕ್ಸು ಕೀಳುವ ಕೂಲಿಗೂ ಸಾಲದೆ ರಸ್ತೆಯ ಬದಿಗೆ ಸುರಿದುಹೋದ ವರ್ಷಗಳನ್ನು ಕಂಡವರು ಅದನ್ನು ಹೊಗಳಲೂ ಆರರು. ಹಿತ್ತಲಿನವರಿಗೆ ಆ ಜೂಜಿನಲ್ಲಿ ಪಾಲಿಲ್ಲ. ಬೇಸಗೆಯ ಉರಿಯಲ್ಲಿ ಗಿಡವನ್ನು ದುಡಿಸುವ ಹಟ ಅವರಿಗೆ ಬೇಡ.

ಬಿತ್ತುವ ಮಣ್ಣಿನ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಜರಡಿ ಹಿಡಿದ ಕೆಮ್ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಮರಳು, ಇವು ಮೂರೂ ಸಮಭಾಗವಾದರೆ ಸಾಕು. ನರ್ಸರಿಯವರಂತೆ ಕೋಕೋಪೀಟನ್ನು ಕೊಂಡು ತಂದರೂ ನಡೆಯುತ್ತದೆ. ಹೊಲಕ್ಕೆ ಚಿನ್ನದಂತಹ ಕೆರೆಗೋಡು ಸಸಿಗೆ ಮಾತ್ರ ಹೊಂದದು. ಅದು ನೀರು ಹಿಡಿದು ಜಿಗಟಾಗಿ ಎಳೆಬೇರಿನ ಉಸಿರು ಕಟ್ಟಿಸುತ್ತದೆ. ಟೊಮೆಟೊ, ಬದನೆ, ಮೆಣಸಿನ ಗಿಡಗಳು ಬೆಳೆದಿದ್ದ ಜಾಗದ ಮಣ್ಣನ್ನು ಎತ್ತಿಕೊಳ್ಳಲೇಬಾರದು. ಒಂದೇ ಕುಲದ ಈ ಬೆಳೆಗಳ ಸೊರಗು ರೋಗದ ದುಂಡಾಣು ಆ ಮಣ್ಣಿನಲ್ಲಿ ಅಡಗಿರುತ್ತದೆ. ಸುಗಟೂರಿನಂತಹ ಕಡೆ ಅಂತಹ ರೋಗವಿಲ್ಲದ ಮಣ್ಣನ್ನು ಹುಡುಕುವುದೇ ಕಷ್ಟವಾದುದರಿಂದ ಬಿಸಿಲನ್ನೇ ಕೆಲಸಕ್ಕೆ ಹಚ್ಚುವುದು ಜಾಣತನ: ಏಪ್ರಿಲ್ ತಿಂಗಳಲ್ಲಿ ಮಣ್ಣನ್ನು ಒದ್ದೆ ಮಾಡಿ, ಒಂದು ಗೇಣಿಗಿಂತ ಎತ್ತರವಾಗದಂತೆ ಹರಡಿ, ತಿಳಿಯಾದ ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಮೆತ್ತಿ ನಾಲ್ಕಾರು ವಾರ ಬಿಟ್ಟರೆ, ಒಳಗಿನ ಧಗೆಗೆ ರೋಗದ ಶಿಲೀಂಧ್ರಗಳೂ ಕಳೆಯ ಬೀಜಗಳೂ ಬಹುಪಾಲು ಸಾಯುವುವು. ಶೀತದೇಶದವರಿಗೆ ಇಲ್ಲದ ಅನುಕೂಲ ಇದೊಂದು ನಮಗಿದೆ.

98 ಕುಳಿಗಳ ಟ್ರೇಯನ್ನೇ ಕೊಳ್ಳಬೇಕೆಂದಿಲ್ಲ. ತಳಕ್ಕೆ ತೂತು ಮಾಡಿದ ಕಾಗದದ ಲೋಟವಾದರೂ ಆದೀತು, ತೆಂಗಿನ ಚಿಪ್ಪಾದರೂ ಆದೀತು. ಬೀಜವನ್ನು ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿಸಬಾರದು. ಮೊಳೆಯುವವರೆಗೆ ಅದಕ್ಕೆ ಬೆಳಕಿನ ಹಂಗಿಲ್ಲವಾದ ಕಾರಣ ಬಿತ್ತಿದ ಪಾತ್ರೆಗಳನ್ನು ಒಳಮನೆಯ ತಂಪಾದ ಮೂಲೆಯಲ್ಲಿ ಒದ್ದೆ ಗೋಣಿಯನ್ನು ಹೊದಿಸಿ ಇಡಬಹುದು. ಆದರೆ ನಾಲ್ಕನೆಯ ದಿನದಿಂದ ಬೆಳಗ್ಗೆ ಸಂಜೆ ಎತ್ತಿ ನೋಡುವುದನ್ನು ಮರೆಯಬಾರದು. ಮೊದಲು ಕಾಣುವುದು ಎಲೆಯಲ್ಲ, ಬಿಳಿಯ ಕಾಂಡದ ಬಾಗಿದ ಕುಣಿಕೆ. ಅದು ಮಣ್ಣನ್ನು ಎತ್ತಿ, ತನ್ನ ತಲೆಯನ್ನು ಹಿಂಬದಿಯಿಂದ ಎಳೆದುಕೊಂಡು, ಒಂದು ಹಗಲಿನೊಳಗೆ ನೆಟ್ಟಗೆ ನಿಲ್ಲುತ್ತದೆ. ಕೆಲವಕ್ಕೆ ಬೀಜದ ಸಿಪ್ಪೆ ಎಲೆಗಳ ತುದಿಗೆ ಟೊಪ್ಪಿಗೆಯಾಗಿ ಸಿಕ್ಕಿಕೊಂಡಿರುವುದುಂಟು. ಅದನ್ನು ಉಗುರಿನಿಂದ ಕೀಳಹೋದರೆ ಕುತ್ತಿಗೆಯೇ ಮುರಿದೀತು. ನೀರಿನ ಹನಿಯೊಂದನ್ನು ತಾಗಿಸಿ ಬಿಟ್ಟರೆ ಅದು ತಾನಾಗಿ ಮೆತ್ತಗಾಗಿ ಉದುರುತ್ತದೆ. ಕುಣಿಕೆ ಕಂಡ ದಿನವೇ ಸಸಿ ಬೆಳಕಿಗೆ ಬರಬೇಕು. ಎರಡು ದಿನ ತಡಮಾಡಿದರೆ ದಾರದಂತೆ ನೀಳವಾಗಿ ಬೆಳೆದು ಮಲಗುತ್ತದೆ.

ಬೆಳಕೆಂದರೆ ಎಷ್ಟು ಬೆಳಕು ಎಂಬುದರಲ್ಲಿ ನಮ್ಮವರು ಎರಡು ಬಗೆಯಲ್ಲಿ ತಪ್ಪುತ್ತಾರೆ. ಹೊಂಗೆಯ ಮರದ ದಟ್ಟ ನೆರಳು ತಂಪಾಗಿದೆಯೆಂದು ಅದರಡಿಯಲ್ಲೇ ಇಟ್ಟುಬಿಡುವುದು ಒಂದು. ಗಿಡವೆಂದ ಮೇಲೆ ಬಿಸಿಲಿನಲ್ಲೇ ಇರಬೇಕೆಂದು ನಡುಹಗಲಿನ ಧಗೆಗೆ ಒಡ್ಡುವುದು ಮತ್ತೊಂದು. ಮರದ ಪೂರ್ವಕ್ಕೆ, ಬೆಳಗಿನ ಬಿಸಿಲು ನೇರವಾಗಿ ಬಿದ್ದು ಹನ್ನೊಂದು ಗಂಟೆಯ ಮೇಲೆ ನೆರಳು ಆವರಿಸುವ ಜಾಗವೇ ಸರಿಯಾದ ಜಾಗ. ಅಕ್ಟೋಬರಿನ ಸಸಿಗಾದರೆ ಬಿಸಿಲಿಗಿಂತ ಮಳೆಯ ಭಯ ಹೆಚ್ಚು. ಹಿಂಗಾರಿನ ಬಿರುಮಳೆ ಅರ್ಧ ಗಳಿಗೆಯಲ್ಲಿ ಟ್ರೇಯನ್ನೆಲ್ಲ ತೊಳೆದು ಹಾಕೀತು. ಸೂರಿನ ಅಂಚಿನಿಂದ ಎರಡು ಅಡಿ ಒಳಗೆ ಅವು ಕ್ಷೇಮವಾಗಿರುವುವು.

ನೀರು ಕೊಡುವುದರಲ್ಲಿ ಪ್ರೀತಿಗಿಂತ ಲೋಭವೇ ಗುಣ. ಸಂಜೆ ನೀರು ಹಾಕಿದ ಸಸಿ ಇಡೀ ರಾತ್ರಿ ಒದ್ದೆ ಬುಡದಲ್ಲಿ ನಿಲ್ಲುತ್ತದೆ; ಪಿಥಿಯಂ ಎಂಬ ಶಿಲೀಂಧ್ರಕ್ಕೆ ಬೇಕಾದದ್ದು ಅದೇ. ಬೆಳಗ್ಗೆ ಎದ್ದು ನೋಡಿದರೆ ನಿನ್ನೆ ಹಸುರಾಗಿ ನಿಂತಿದ್ದ ಸಸಿಗಳು ಮಣ್ಣಿನ ಮಟ್ಟದಲ್ಲಿ ಕಾಂಡ ಸಣಕಲಾಗಿ ಕೊಳೆತು, ಎಲೆ ಇನ್ನೂ ಬಾಡದಿರುವಂತೆಯೇ ಸಾಲಾಗಿ ಒರಗಿರುತ್ತವೆ. ಒರಗಿದವನ್ನು ಎಬ್ಬಿಸುವ ಔಷಧವಿಲ್ಲ. ಒತ್ತೊತ್ತಾಗಿ ಬಿತ್ತದಿರುವುದು, ಬೆಳಗ್ಗೆ ಮಾತ್ರ ನೀರು ಕೊಡುವುದು, ಮೇಲ್ಮಣ್ಣು ಆರಿದ ಮೇಲೆಯೇ ಮತ್ತೆ ಕೊಡುವುದು, ಗೊಬ್ಬರಕ್ಕೆ ಟ್ರೈಕೋಡರ್ಮ ಎಂಬ ಮಿತ್ರಶಿಲೀಂಧ್ರದ ಪುಡಿಯನ್ನು ಮೊದಲೇ ಬೆರೆಸಿಡುವುದು, ಇವೇ ಉಪಾಯಗಳು.

ಇಷ್ಟೂ ಎಲ್ಲ ಬಿಸಿಲು ದೇಶಗಳಿಗೂ ಸಲ್ಲುವ ಮಾತು. ಸುಗಟೂರಿಗೆ ವಿಶೇಷವಾಗಿ ಸಲ್ಲುವ ಮಾತು ಬಿಳಿನೊಣದ್ದು.

ಸಂಜೆ ಹೊತ್ತು ಹಳೆಯ ಟೊಮೆಟೊ ಗಿಡವೊಂದರ ಕೊಂಬೆಯನ್ನು ಹಿಡಿದು ಮೆಲ್ಲಗೆ ಅಲುಗಿಸಿದರೆ, ಒಲೆಯ ಬೂದಿಯನ್ನು ಊದಿದಂತೆ ಬಿಳಿಯ ಚೂರುಗಳು ಎದ್ದು ಒಂದು ಗಳಿಗೆ ಗಾಳಿಯಲ್ಲಿ ತೇಲಿ ಮತ್ತೆ ಎಲೆಗಳ ಕೆಳಗೇ ಇಳಿಯುತ್ತವೆ. ಒಂದೊಂದೂ ಸುಮಾರು ಒಂದು ಮಿಲಿಮೀಟರ್ ಉದ್ದ. ಅವು ಹೀರುವ ರಸದಿಂದ ಗಿಡಕ್ಕಾಗುವ ನಷ್ಟ ಅಲ್ಪವೇ. ಆದರೆ ರೋಗ ಹತ್ತಿದ ಗಿಡದಿಂದ ಎದ್ದ ನೊಣ ತನ್ನ ಮೈಯಲ್ಲಿ ಎಲೆ ಮುದುಡು ರೋಗದ ವೈರಸ್ಸನ್ನು ಹೊತ್ತು ತರುತ್ತದೆ, ಮತ್ತು ಎಳೆಯ ಸಸಿಯೊಂದಕ್ಕೆ ಅದನ್ನು ದಾಟಿಸಲು ಒಂದು ಗಂಟೆಯ ಕಾಲವೂ ಬೇಕಾಗದು. ಭಾರತದಲ್ಲಿ ಈ ರೋಗವನ್ನು ಮೊದಲು ವಿವರಿಸಿ ಬರೆದದ್ದು 1948ರಲ್ಲಿ. ಅಲ್ಲಿಂದೀಚೆಗೆ ಇದು ನಮ್ಮ ಟೊಮೆಟೊ ಕೃಷಿಯ ದೊಡ್ಡ ಶಾಪವಾಗಿ ಉಳಿದಿದೆ. ತಗುಲಿದ ಸಸಿಯ ಹೊಸ ಎಲೆಗಳು ಕಿರಿದಾಗಿ, ಅಂಚು ಮೇಲಕ್ಕೆ ಮಡಿಚಿ, ನರಗಳ ನಡುವೆ ಹಳದಿಗಟ್ಟಿ, ಗೆಣ್ಣುಗಳ ಅಂತರ ಕುಗ್ಗಿ, ಗಿಡವೇ ಪೊದೆಯಂತೆ ಮುದ್ದೆಯಾಗುತ್ತದೆ. ಹಣ್ಣಿನ ಭಾರ ಹೊತ್ತು ನಿಂತ ಗಿಡಕ್ಕೆ ತಗುಲಿದರೆ ತಗುಲಿದ್ದೇ ತಿಳಿಯದಂತೆ ಅದು ಬೆಳೆ ಕೊಟ್ಟೀತು. ನಾಲ್ಕೆಲೆಯ ಸಸಿಗೆ ತಗುಲಿದರೆ ಒಂದು ಹಣ್ಣನ್ನೂ ನಿರೀಕ್ಷಿಸಬೇಕಾಗಿಲ್ಲ. ರೋಗ ಒಂದೇ, ನೊಣ ಒಂದೇ. ವ್ಯತ್ಯಾಸವೆಲ್ಲ ಸಸಿಯ ವಯಸ್ಸಿನದು.

ವರ್ಷದ ಹನ್ನೆರಡು ತಿಂಗಳಲ್ಲಿ ಹೊಲಗಳಲ್ಲಿ ಟೊಮೆಟೊ ಇಲ್ಲದ ತಿಂಗಳೇ ಇಲ್ಲವೆಂಬುದೇ ಈ ಸೀಮೆಯ ಸಂಪತ್ತು, ಈ ಸೀಮೆಯ ಸಂಕಟವೂ ಅದೇ. ಮಲೆನಾಡಿನ ಒಂಟಿಮನೆಯ ಅಂಗಳದಲ್ಲಿ ಟೊಮೆಟೊ ಬಿತ್ತಿದವರಿಗೆ ಸುತ್ತಲ ಕಾಡಿನಲ್ಲಿ ಈ ವೈರಸ್ಸಿನ ಆಶ್ರಯ ಅಷ್ಟಾಗಿ ಇರಲಾರದು. ಇಲ್ಲಿ ಒಂದು ಬೆಳೆ ಮುಗಿಯುವ ಮುನ್ನವೇ ಪಕ್ಕದಲ್ಲಿ ಮತ್ತೊಂದು ಬೆಳೆ ಎದ್ದಿರುವುದರಿಂದ ನೊಣಕ್ಕೂ ರೋಗಕ್ಕೂ ಉಪವಾಸದ ದಿನವೇ ಇಲ್ಲ. ಇದಕ್ಕಿಂತ ವಿಷಮವಾದದ್ದು ದರ ಬಿದ್ದ ವರ್ಷದ ಪರಿಸ್ಥಿತಿ. ಕೀಳುವ ಕೂಲಿ, ಬಾಕ್ಸಿನ ಬಾಡಿಗೆ, ಮಂಡಿಯ ಕಮಿಷನ್ನು ಕಳೆದರೆ ಕೈಗೆ ಏನೂ ಉಳಿಯದೆಂದು ಖಚಿತವಾದಾಗ ರೈತನು ಹೊಲವನ್ನು ಇದ್ದಂತೆ ಬಿಟ್ಟುಬಿಡುತ್ತಾನೆ. ಔಷಧ ಹೊಡೆಯುವವರಿಲ್ಲ, ಗಿಡ ಕೀಳುವವರಿಲ್ಲ. ಗಿಡಗಳು ನಿಂತಲ್ಲೇ ಒಣಗತೊಡಗಿದಂತೆ ಅವುಗಳ ಮೇಲಿನ ನೊಣಗಳೆಲ್ಲ ಹಸುರನ್ನು ಅರಸಿ ಗಾಳಿಗೆ ಏಳುವುವು; ಅವು ಇಳಿಯುವ ಹಸುರು ನಮ್ಮ ಹಿತ್ತಲಿನ ಟ್ರೇಯೂ ಆಗಬಹುದು. ದೆಹಲಿಯ ಸಗಟು ಪೇಟೆಯಲ್ಲಿ ಕುಸಿದ ಬೆಲೆ ಸುಗಟೂರಿನ ಮನೆಯೊಂದರ ಹನ್ನೆರಡು ಸಸಿಗಳನ್ನು ಹೀಗೆ ಬಂದು ಮುಟ್ಟುತ್ತದೆ.

ಔಷಧ ಸಿಂಪಡಿಸಿ ಈ ನೊಣವನ್ನು ಗೆಲ್ಲುವೆನೆಂದು ಹೊರಟವರಿಗೆ ಎರಡು ಮಾತು. ದಶಕಗಳಿಂದ ಕೀಟನಾಶಕಗಳನ್ನು ಕುಡಿದು ಬೆಳೆದ ನೊಣದ ಸಂತತಿ ಇದು. ಅಂಗಡಿಯವನು ಕೊಡುವ ಸೀಸೆಗೆ ಅಂಜುವ ಕಾಲ ಕಳೆದುಹೋಗಿದೆ. ಎರಡನೆಯದಾಗಿ, ಈ ಜಿಲ್ಲೆ ಟೊಮೆಟೊಗೆ ಎಷ್ಟೋ ರೇಷ್ಮೆಗೂ ಅಷ್ಟೇ ಹೆಸರಾದದ್ದು. ಬೇಲಿಯಾಚೆ ಹಿಪ್ಪುನೇರಳೆಯ ತೋಟವಿದ್ದು, ಇಲ್ಲಿಂದ ತೇಲಿದ ಔಷಧದ ಹನಿ ಆ ಸೊಪ್ಪಿಗೆ ತಗುಲಿದರೆ ನೆರೆಯವರ ಮನೆಯಲ್ಲಿ ಹುಳುಗಳ ಒಂದು ಇಡೀ ಬೆಳೆ ಹಾಳಾದೀತು. ಬೇವಿನ ಸಿಂಪಡಣೆ ನಿರಪಾಯವೆಂದು ತಿಳಿದವರು ಅದೂ ರೇಷ್ಮೆಹುಳುವಿಗೆ ವಿಷವೇ ಎಂಬುದನ್ನು ನೆನಪಿಡಬೇಕು.

ಉಳಿದದ್ದು ಪರದೆ. ಬಿತ್ತಿದ ದಿನದಿಂದ ನೆಡುವ ದಿನದವರೆಗೆ, ಸುಮಾರು 25 ದಿನಗಳ ಪರ್ಯಂತ, ಸಸಿಯನ್ನು ನೊಣದ ಕಣ್ಣಿಗೆ ಬೀಳದಂತೆ ಮುಚ್ಚಿಡುವುದು. ಇಷ್ಟೇ ಇದರ ಮರ್ಮ. ಸೊಳ್ಳೆಪರದೆ ಇದಕ್ಕೆ ಒದಗದು. ಅದರಲ್ಲಿ ಅಂಗುಲಕ್ಕೆ ಹತ್ತು ಹದಿನೈದು ಕಣ್ಣುಗಳಷ್ಟೇ ಇರುವುದರಿಂದ ಬಿಳಿನೊಣ ತಲೆಬಾಗದೆ ಒಳಗೆ ನಡೆದು ಬಂದೀತು. ಅಂಗುಲಕ್ಕೆ 40ರಿಂದ 50 ಕಣ್ಣುಗಳಿರುವ ನೈಲಾನ್ ಪರದೆಯೇ ಬೇಕು, ಮತ್ತು ಅದು ಈ ಸೀಮೆಯ ಕೃಷಿ ಸಾಮಗ್ರಿಯ ಅಂಗಡಿಗಳಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುವುದು ಕಷ್ಟವೇನಲ್ಲ. ಸಿಗದಿದ್ದರೆ ಹಳೆಯ ವಾಯಿಲ್ ಸೀರೆಯೊಂದನ್ನು ಬಳಸಬಹುದು. ಬೆಳಕು ಒಂದಿಷ್ಟು ಕಡಿಮೆಯಾಗುವ ಕಾರಣ ಆಗ ಟ್ರೇಯನ್ನು ಹೆಚ್ಚು ಬಿಸಿಲಿನ ಕಡೆಗೆ ಸರಿಸಬೇಕಾಗುತ್ತದೆ. ಬಿದಿರಿನ ದಬ್ಬೆಗಳನ್ನು ಕಮಾನಿನಂತೆ ಬಾಗಿಸಿ ನೆಟ್ಟು, ಪರದೆಯನ್ನು ಅದರ ಮೇಲೆ ಇಳಿಬಿಟ್ಟು, ಅಂಚನ್ನು ಇಟ್ಟಿಗೆಯಿಂದಲೋ ಮಣ್ಣಿನಿಂದಲೋ ನೆಲಕ್ಕೆ ಒತ್ತಿಡಬೇಕು. ಬೆರಳು ತೂರುವಷ್ಟು ಸಂದಿಯಿದ್ದರೂ ಪರದೆ ಕಟ್ಟಿದ ಶ್ರಮ ವ್ಯರ್ಥ. ಎಲೆಗಳು ಪರದೆಗೆ ತಾಗುವಂತಿರಬಾರದು. ನೊಣ ಹೊರಗೆ ಕುಳಿತೇ ಒಳಗಿನ ಎಲೆಗೆ ಕೊಂಡಿ ಚುಚ್ಚೀತು. ನೀರನ್ನು ಪರದೆಯ ಮೇಲಿನಿಂದಲೇ ಝಾರಿಯಲ್ಲಿ ಹನಿಸುವುದು ಉತ್ತಮ. ದಿನಕ್ಕೆರಡು ಬಾರಿ ತೆರೆದು ಮುಚ್ಚುವ ಮನೆಯಲ್ಲಿ ಪರದೆಯಿದ್ದೂ ಇಲ್ಲದಂತೆಯೇ. ಮನೆಯ ಮಕ್ಕಳಿಗೆ ಈ ನಿಯಮವನ್ನು ಕಲಿಸುವುದು ಸುಲಭ. ಬೀಡಿ ಸೇದುವ ಹಿರಿಯರಿಗೆ, ಸಸಿ ಮುಟ್ಟುವ ಮುನ್ನ ಸಾಬೂನು ಹಚ್ಚಿ ಕೈ ತೊಳೆದುಕೊಳ್ಳಿ, ಹೊಗೆಸೊಪ್ಪಿನಿಂದಲೂ ವೈರಸ್ಸೊಂದು ಬಂದೀತು ಎಂದು ಹೇಳಿ ಒಪ್ಪಿಸುವುದು ಅಷ್ಟು ಸುಲಭವಲ್ಲ.

ನರ್ಸರಿಯ ಸಸಿಯಲ್ಲಿ ಹಿತ್ತಲಿನವರಿಗಿರುವ ಅಪಾಯವೂ ಇದರಿಂದ ವಿಶದವಾಗುತ್ತದೆ. ವೈರಸ್ಸು ಹೊಕ್ಕ ಸಸಿ ಮೊದಲ ಒಂದೆರಡು ವಾರ ಆರೋಗ್ಯವಾಗಿರುವಂತೆಯೇ ಕಾಣುವುದರಿಂದ, ಟ್ರೇಯಲ್ಲಿರುವಾಗ ಒಳ್ಳೆಯದನ್ನೂ ಕೆಟ್ಟದ್ದನ್ನೂ ಕಣ್ಣಿನಿಂದ ಬೇರ್ಪಡಿಸುವುದು ಸಾಧ್ಯವಿಲ್ಲ. ಬಿಗಿಯಾದ ಪರದೆಯೊಳಗೆ ಜಾಗ್ರತೆಯಿಂದ ಬೆಳೆಸುವ ನರ್ಸರಿಗಳು ಇವೆ. ಬರೀ ನೆರಳುಪರದೆಯ ಕೆಳಗೆ, ಬದಿಗಳೆಲ್ಲ ತೆರೆದಂತೆ ಬೆಳೆಸುವವೂ ಇವೆ. ನೆರಳುಪರದೆ ಬಿಸಿಲನ್ನು ತಡೆಯುತ್ತದೆ, ನೊಣವನ್ನಲ್ಲ. ಸಾವಿರಾರು ಗಿಡ ನೆಡುವವನು ನೂರು ಕಳೆದುಕೊಂಡರೆ ತಾಳಿಕೊಂಡಾನು. ಹನ್ನೆರಡು ನೆಟ್ಟವರಿಗೆ ಎಂಟು ಹೋದರೆ ಆ ವರ್ಷ ಸಾರಿಗೆ ಹುಣಿಸೆಯೇ ಗತಿ.

ನೆಡುವುದಕ್ಕೆ ಒಂದು ವಾರ ಮುಂಚೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಿಡಿದು, ಬಿಸಿಲನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ ಸಸಿಯನ್ನು ಗಟ್ಟಿ ಮಾಡಬೇಕು. ಅದರ ಕಾಂಡ ಹಸುರನ್ನು ಬಿಟ್ಟು ನೇರಿಳೆಯ ಛಾಯೆಗೆ ತಿರುಗಿದರೆ ಹದಕ್ಕೆ ಬಂದಿತೆಂದು ಅರ್ಥ. ಐದಾರು ಎಲೆಗಳಿರುವ ಗಿಡ್ಡ ಸಸಿಯೇ ಶ್ರೇಷ್ಠ. ಎತ್ತರವನ್ನು ಕಂಡು ಮರುಳಾಗಿ ಹೂವು ಬಂದ ಸಸಿಯನ್ನು ಆರಿಸುವವರು ಮುಂದೆ ಪಶ್ಚಾತ್ತಾಪ ಪಡುವರು. ಬಿಸಿಲಿಳಿದ ಮೇಲೆ ನೆಡುವುದು, ಬೇರಿನ ಗುಡ್ಡೆ ಒಡೆಯದಂತೆ ಎತ್ತುವುದು, ಮೊದಲ ಜೋಡಿ ಎಲೆಗಳವರೆಗೆ ಕಾಂಡವನ್ನೂ ಮಣ್ಣಿನೊಳಗೆ ಇಳಿಸುವುದು. ಟೊಮೆಟೊ ಕಾಂಡವು ಮಣ್ಣು ತಾಗಿದೆಡೆಯಲ್ಲೆಲ್ಲ ಹೊಸ ಬೇರು ಬಿಡುವ ಗುಣವುಳ್ಳದ್ದಾದುದರಿಂದ ನೀಳವಾಗಿ ಬೆಳೆದುಬಿಟ್ಟ ಸಸಿಗೂ ಈ ಉಪಾಯದಿಂದ ಸದ್ಗತಿಯುಂಟು. ಗಿಡದಿಂದ ಗಿಡಕ್ಕೆ ಎರಡು ಅಡಿ. ನಾಲ್ಕು ಗಿಡಕ್ಕೊಂದರಂತೆ ಚೆಂಡುಹೂವಿನ ಗಿಡವನ್ನು ನಡುವೆ ಹಾಕಿದರೆ ಕಾಯಿಕೊರಕದ ಪತಂಗ ತನ್ನ ಮೊಟ್ಟೆಗಳ ಬಹುಭಾಗವನ್ನು ಆ ಹೂವಿನಲ್ಲೇ ಇಟ್ಟು ಹೋಗುತ್ತದೆ; ಆದರೆ ಆ ಹೊತ್ತಿಗೆ ಅದು ಮೊಗ್ಗು ಬಿಟ್ಟಿರಬೇಕಾದುದರಿಂದ ಚೆಂಡುಹೂವಿನ ಬೀಜವನ್ನು ಟೊಮೆಟೊಗಿಂತ ಎರಡು ಮೂರು ವಾರ ಮುಂಚೆಯೇ ಬಿತ್ತಿರಬೇಕು.

ನೆಟ್ಟ ಮೇಲೆ ಪರದೆಯನ್ನು ಮಡಿಚಿ ಅಟ್ಟಕ್ಕೆ ಏರಿಸುವ ಆತುರ ಬೇಡ. ಹೊಲದವರಿಗೆ ಎಕರೆಗಟ್ಟಲೆ ಮುಚ್ಚುವುದು ಆಗದ ಮಾತು. ಹನ್ನೆರಡು ಗಿಡದವರಿಗೆ ಅದೇ ಕಮಾನನ್ನು ಸ್ವಲ್ಪ ಎತ್ತರಿಸಿ ಇನ್ನೂ ಮೂರು ವಾರ, ಮೊದಲ ಹೂಗೊಂಚಲು ಕಾಣುವವರೆಗೆ, ಗಿಡಗಳ ಮೇಲೆ ನಿಲ್ಲಿಸುವುದು ಅಸಾಧ್ಯವೇನಲ್ಲ. ತೆಗೆದ ಅನಂತರ ಯಾವುದಾದರೂ ಒಂದು ಗಿಡದ ತುದಿಯೆಲೆ ಮುದುಡಿತೆಂದರೆ, ಇನ್ನೊಂದು ವಾರ ನೋಡೋಣವೆಂದು ತಡೆಯದೆ, ಅಂದೇ ಬೇರುಸಹಿತ ಕಿತ್ತು, ನೊಣಗಳು ಹಾರದಂತೆ ಚೀಲವೊಂದರಲ್ಲಿ ಕಟ್ಟಿ ಹೊರಗೆ ಒಯ್ದು ಹೂಳುವುದು ಉಳಿದ ಹನ್ನೊಂದರ ಹಿತದೃಷ್ಟಿಯಿಂದ ಅವಶ್ಯ. ಹಣ್ಣು ಮುಗಿದ ಗಿಡಗಳನ್ನೂ ಹಾಗೆಯೇ ಮಾಡತಕ್ಕದ್ದು, ಮತ್ತು ಅವು ನೆಲದಿಂದ ಎದ್ದುಹೋದ ಮೇಲೆಯೇ ಮುಂದಿನ ಬೀಜವನ್ನು ಬಿತ್ತತಕ್ಕದ್ದು.